ಚೌಡಪ್ಪ ಮಾವನ ಹಲ್ಲುಸಂದಿಯ ರಾಗ

ಮೊನ್ನೆ ಸಂಜೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಊರಿಗಾಂ ಕಡೆಯ ರೈಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಮಡಿಲ ತುಂಬ ಸೊಪ್ಪಿನ ಚೀಲ ಇಟ್ಟುಕೊಂಡ ಹೆಂಗಸೊಬ್ಬರು ಫೋನಿನಲ್ಲಿ ಆಟ ಆಡುತ್ತಿದ್ದರು. ಯಾವ ಆಟ ಅಂತ ಕಣ್ಣು ನೋಡುವ ಮೊದಲೇ ಕಿವಿಗೆ ಗೊತ್ತಾಯಿತು. ಕೊಡೆ ಹಿಡಿದ ಕಪ್ಪೆಯ ಆಟ. ಹಿಂದೆ ಟಿವಿಗೆ ವೈರು ಚುಚ್ಚಿ ಆಡುತ್ತಿದ್ದೆವಲ್ಲ, ಅದೇ ಈಗ ಫೋನಿಗೆ ಬಂದು ಸೇರಿಕೊಂಡಿದೆ. ಕಪ್ಪೆ ಬಾವಿಗೆ ಬಿತ್ತು, ಬಾವಿಯೊಳಗಿನ ರಾಗ ಶುರುವಾಯಿತು, ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ ಜೊತೆಗೆ ಹೊರಟಿತು: ಡೂಂ ಡುಡು ಡೂಂ, ಉಸ್. ಡೂಂ ಡುಡು ಡೂಂ, ಉಸ್.

ಆಯಮ್ಮ ತಲೆ ಎತ್ತಿದರು. "ಚೆನ್ನಾಗಿ ಅಂತೀಯಪ್ಪ. ಆದ್ರೆ ಆ ಉಸ್ ಅನ್ನೋದು ಎಲ್ಲಿಂದ ತಂದೆ? ಇದ್ರಾಗಿಲ್ವಲ್ಲ?"

ಇಲ್ಲ, ಆಟದಲ್ಲಿಲ್ಲ. ಎಲ್ಲಿಂದ ಬಂತೆಂದು ಹೇಳಬೇಕಾದರೆ ನನ್ನ ಬಾಯಿಯ ಚರಿತ್ರೆಯನ್ನೇ ಹೇಳಬೇಕು. ಅದೇನು ಅಷ್ಟು ಮರ್ಯಾದಸ್ಥ ಚರಿತ್ರೆಯಲ್ಲ.

ನನಗೆ ಸ್ವಂತ ದನಿ ಅಂತ ಒಂದಿದ್ದರೂ ಅದನ್ನು ಯಾರೂ ಕೇಳಿಲ್ಲ. ಕ್ಯಾಸಂಬಳ್ಳಿಯಲ್ಲಿದ್ದಾಗ ಹಾಲಿನ ಡೈರಿ ಕಾರ್ಯದರ್ಶಿಯ ಕೆಮ್ಮನ್ನು ಗೋಡೆ ಹಿಂದೆ ನಿಂತು ಕೆಮ್ಮುತ್ತಿದ್ದೆ. ಸಾಲಿನಲ್ಲಿದ್ದವರು ಹರಟೆ ಬಿಟ್ಟು ಕ್ಯಾನು ಎತ್ತಿಕೊಂಡು ನೆಟ್ಟಗಾಗುತ್ತಿದ್ದರು. ಕಂಡಕ್ಟರು ಮೂಗಿನಲ್ಲಿ "ರಾಬರ್ಟ್‌ಸನ್‌ಪೇಟ್, ರಾಬರ್ಟ್‌ಸನ್‌ಪೇಟ್" ಅನ್ನುವುದನ್ನು ಅವನಿಗಿಂತ ಚೆನ್ನಾಗಿ ಕೂಗಿ, ಕೋಲಾರದ ಬಸ್ಸಿಗೆ ಜನ ಹತ್ತಿಸಿ, ಒದೆ ತಿಂದಿದ್ದೇನೆ. ಹೈಸ್ಕೂಲಿಗೆ ಸೋದರಮಾವನ ಮನೆಗೆ ಕಳಿಸಿದ್ದು ಓದಲಿಕ್ಕೆ ಎಂದು ಅಪ್ಪ ಹೇಳುತ್ತಾರೆ. ಊರಿನವರು ಬೇರೆ ಕಾರಣ ಹೇಳುತ್ತಾರೆ.

ಚೌಡಪ್ಪ ಮಾವನಿದ್ದದ್ದು ಊರಿಗಾಮಿನಲ್ಲಿ, ಗಣಿಯವರು ಸಾಲಾಗಿ ಕಟ್ಟಿಸಿದ ಲೈನುಮನೆಯಲ್ಲಿ. ಹಗಲು ಕಾರ್ಖಾನೆಯಲ್ಲಿ ಫಿಟ್ಟರು, ಮದುವೆಯ ದಿನಗಳಲ್ಲಿ ಅರುಳ್ ಮಾಸ್ಟರ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ಟು. ಮಾವನನ್ನು ಏಕವಚನದಲ್ಲೇ ಬರೆಯುತ್ತೇನೆ, ತಪ್ಪು ತಿಳಿಯಬೇಡಿ. ಬಹುವಚನ ಹಾಕಿದರೆ ಹಿಂದೆ ಯಾರೋ ದೊಡ್ಡವರು ಬಂದರೆಂದು ತಿರುಗಿ ನೋಡುತ್ತಾನೆ. ನನ್ನ ಕಪ್ಪೆ ಆಟದ ಸಂಗೀತ ಕೇಳಿದರೆ ಅವನಿಗೆ ಮೈ ಉರಿಯುತ್ತಿತ್ತು. "ಕುಕ್ಕರ್ಗೆ ಚಳಿಜ್ವರ ಬಂದಂಗೈತೆ, ಆರಿಸ್ಲಾ ಅದ್ನ!"

ಹೀಗಿರುವಾಗ ಅತ್ತೆ ನಿಪ್ಪಟ್ಟು ಮಾಡಿದಳು. ಮಾವ ಕಡಿದ. ಮೇಲಿನ ಸಾಲಿನ ಮುಂದಿನ ಹಲ್ಲು ಮುರಿದು ಅಂಗೈಗೆ ಬಂತು. ಅತ್ತೆ ನಿಪ್ಪಟ್ಟನ್ನು ತಿರುಗಿಸಿ ನೋಡಿ, "ಇದ್ಕೇನೂ ಆಗಿಲ್ಲ ಬಿಡು" ಅಂದಳು. ನಮಗೆ ನಗು. ಮಾವನಿಗೆ ಮಾತ್ರ ಮುಖದಲ್ಲಿ ನೆತ್ತರಿಲ್ಲ. ಕ್ಲಾರಿನೆಟ್ಟಿನ ಮೂತಿ ಕೂರುವುದೇ ಮೇಲಿನ ಹಲ್ಲಿನ ಆಸರೆಯಲ್ಲಿ. ಒಸಡು ಆರಲಿ, ತಿಂಗಳು ಬಿಟ್ಟು ಹಲ್ಲು ಕಟ್ಟೋಣ ಅಂದರು ಡಾಕ್ಟರು. ಅಲ್ಲಿಯವರೆಗೆ ಪ್ರತಿ ಸಾಲಿನ ಕೊನೆಗೂ ಸಂದಿಯಿಂದ ಗಾಳಿ ಜಾರುತ್ತಿತ್ತು: ಉಸ್. ಡೋಲಿನ ಗಲಾಟೆಯಲ್ಲಿ ಯಾರಿಗೂ ಕೇಳದಂತೆ ಮಾವ ಹೇಗೋ ಮುಚ್ಚಿಟ್ಟುಕೊಂಡಿದ್ದ.

ಮುಚ್ಚಿಟ್ಟದ್ದನ್ನು ತೆಗೆದವನು ನಾನು. ಒಂದು ಮಂಗಳವಾರ ಪ್ರಾಕ್ಟೀಸಿನ ನಡುವೆ ಟೀ ಬಂತು. ಬ್ಯಾಂಡಿನವರು, "ಲೇ, ಏನಾರ ಮಾಡ್ಲಾ" ಅಂದರು. ಡೋಲಿನವನ ಬಿಕ್ಕಳಿಕೆ ಮಾಡಿದೆ, ಅರುಳ್ ಮಾಸ್ಟರು ಮೀಸೆ ನೀವಿಕೊಂಡು ಮುಂಗಡ ಕೇಳುವುದನ್ನು ಮಾಡಿದೆ. ಚಪ್ಪಾಳೆ ತಲೆಗೇರಿತು. ಕೊನೆಗೆ ಮಾವನ ಕ್ಲಾರಿನೆಟ್ ಮಾಡಿದೆ, ಉಸ್ ಸಮೇತ. ಎಲ್ಲರೂ ಬಿದ್ದುಬಿದ್ದು ನಕ್ಕರು, ಇಬ್ಬರು ಬಿಟ್ಟು. ಮಾವ ಟೀ ಲೋಟದೊಳಗೆ ನೋಡುತ್ತಿದ್ದ. ಮಾಸ್ಟರು ಮಾವನನ್ನೇ ನೋಡುತ್ತಿದ್ದರು.

"ಚೌಡಪ್ಪಾ, ನೀ ಒಬ್ನೇ ನುಡ್ಸು" ಅಂದರು. ನುಡಿಸಿದ. "ಎನ್ನಪ್ಪಾ ಇದು, ಕಾತ್ತು ಮಟ್ಟುಂ ದಾನ್ ವರುದು!" ಬರೀ ಗಾಳಿ ಬರ್ತಿದೆಯಲ್ಲೋ ಅಂತ. ಕೋಪ ಬಂದರೆ ತಮಿಳು, ತೀರ್ಪು ಕೊಡುವಾಗ ಕನ್ನಡ, ಅದು ಮಾಸ್ಟರ ಪದ್ಧತಿ. "ಭಾನುವಾರ ಬಂಗಾರಪೇಟೆ ಮದ್ವೆ ಐತೆ. ಅದೊಂದು ನೋಡ್ತೀನಿ. ಆಗ್ಲಿಲ್ಲಾಂದ್ರೆ ಕ್ಲಾರಿನೆಟ್ ಬೇರೆಯವ್ರಿಗೆ. ನೀನು ತಾಳ ಇಡ್ಕೋ." ಕ್ಲಾರಿನೆಟ್ಟು ಸೆಟ್ಟಿನದು, ಮಾವನದಲ್ಲ. ಅತ್ತೆ ಮದುವೆಯಾಗಿ ಮನೆಗೆ ಬರುವ ಮೊದಲೇ ಅದು ಅವನ ಕೈಯಲ್ಲಿತ್ತು ಅನ್ನುವುದು ಬೇರೆ ವಿಷಯ.

ಮಾವ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಮಿಮಿಕ್ರಿ ಮಾಡಿ ಪಾರಾಗುತ್ತಿದ್ದೆ. ಮೂರು ದಿನ ಮಾತೇ ಆಡಲಿಲ್ಲ. ಮೌನವನ್ನು ಯಾವ ದನಿಯಲ್ಲಿ ಅಣಕಿಸುವುದು ಹೇಳಿ? ನಾನು ಟಿವಿ ಮುಂದೆ ಕೂತು ಸುಮ್ಮನೆ ಕಪ್ಪೆಯನ್ನು ಕೊಲ್ಲಿಸುತ್ತಿದ್ದೆ.

ಶುಕ್ರವಾರ ಹಿಂದಿನಿಂದ ಮಾವನ ದನಿ ಬಂತು. "ಆ ಬಾವಿದು ಆಕ್ಲಾ."

ಬಾವಿ ಬರಬೇಕಾದರೆ ಎರಡು ಲೆವೆಲ್ ದಾಟಬೇಕು. ಅವಸರಪಟ್ಟೆ, ಕಪ್ಪೆ ಸತ್ತಿತು. ಮತ್ತೆ ಸತ್ತಿತು. ಸತ್ತಾಗಲೆಲ್ಲ ಸೋತ ರಾಗ ಬೇರೆ.

"ಸಾಯೋದು ನಿಲ್ಸಿ ಮುಂದುಕ್ಕೋಗ್ಲಾ! ರಾಗ ಕೇಳ್ಬೇಕು ನಾನು!"

ಕೊನೆಗೂ ಬಾವಿ ಬಂತು. "ಅದ್ನ ಅಲ್ಲೇ ಕಲ್ಮೇಲೆ ಕುಂಡ್ರಿಸು" ಅಂದ. ಕಪ್ಪೆ ಕಲ್ಲಿನ ಮೇಲೆ ಕೂತಿತು, ರಾಗ ಸುತ್ತುತ್ತಾ ಹೋಯಿತು. ಮಾವ ಟಿವಿಗೆ ಬೆನ್ನು ಮಾಡಿ ಗೋಡೆ ನೋಡುತ್ತಾ ಕೇಳಿದ. ಅತ್ತೆಯ ಸಾರು ಕುದಿದು ಇಳಿಯಿತು, ರಾಗ ಇನ್ನೂ ಸುತ್ತುತ್ತಲೇ ಇತ್ತು.

"ಬೆಸುಗೆ ಎಲ್ಲೈತ್ಲಾ ಇದ್ಕೆ?" ಅಂದ, ಫಿಟ್ಟರಿನ ಮಾತಿನಲ್ಲಿ. "ಕೊನೆ ಎಲ್ಲಿ, ಮೊದ್ಲೆಲ್ಲಿ ಗೊತ್ತೇ ಆಗಲ್ವಲ್ಲ. ಆಡೋನು ನಿಂತ್ರೆ ಇದೂ ಕಾಯ್ತದೆ, ಓಡಿದ್ರೆ ಇದೂ ಓಡ್ತದೆ. ಇದ್ನ ಕಟ್ದೋನು ಮೆರವಣಿಗೆ ಮಾಡ್ದೋನೇ ಕಣ್ಲಾ!"

ಆವತ್ತಿನವರೆಗೆ ನಾನು ಆ ಸಂಗೀತವನ್ನು ಬಾಯಲ್ಲಿ ಮಾಡುತ್ತಿದ್ದೆನೇ ಹೊರತು ಕೇಳಿರಲಿಲ್ಲ. ಮಾವ ಕೇಳಿಸಿದ. ಒಮ್ಮೆಗೆ ಮೂರು ನಾಲ್ಕು ದನಿಗಿಂತ ಹೆಚ್ಚು ಬಾರದ ಬಡ ಯಂತ್ರ. ಯಾವನೋ ಪುಣ್ಯಾತ್ಮ ಮೂರು ಪಾತ್ರೆಯಲ್ಲಿ ಮದುವೆ ಅಡುಗೆ ಮಾಡಿದ್ದಾನೆ. ತಗ್ಗಿನ ಸ್ವರ, ಗಿಡ್ಡ ಸಾಲು, ಸಾಲಿಗೊಂದು ಬಿಡುವು. ಆ ಬಿಡುವಿನಲ್ಲಿ ಮಾವನ ಹಲ್ಲುಸಂದಿ ಉಸ್ ಅಂದರೆ ತಪ್ಪಲ್ಲ, ನೀರಿನ ಗುಳ್ಳೆ ಎದ್ದಂತೆ! ಮಾವ ಅದನ್ನು ಕಂಡುಕೊಂಡು, ಮೂರು ದಿನದ ಮೇಲೆ ನನ್ನ ಮುಖ ನೋಡಿದ. ಕ್ಷಮಿಸು ಅನ್ನಲು ಬಾಯಿ ತೆರೆದೆ. ಡೂಂ ಡುಡು ಡೂಂ ಅಂತ ಬಂತು. ಅವನು ಕ್ಲಾರಿನೆಟ್ ಎತ್ತಿಕೊಂಡ.

ಭಾನುವಾರ ಗಂಡಿನ ಮೆರವಣಿಗೆ ಛತ್ರದ ಕಡೆ ಹೊರಟು ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿತು. ಒಂದು ರೈಲು ಹೋಯಿತು, ಗೇಟು ತೆಗೆಯಲಿಲ್ಲ. ಎರಡನೆಯದು ಹೋಯಿತು. ಗಂಡು ಬೀದಿಯಲ್ಲಿರುವಾಗ ಬ್ಯಾಂಡು ನಿಲ್ಲಬಾರದು, ನಿಂತರೆ ಅಪಶಕುನ; ಹಿಂದೆ ಮುದುಕಿಯರು ಅದನ್ನೇ ಕಾಯುತ್ತಿರುತ್ತಾರೆ. ಕಲಿತ ಹಾಡುಗಳೆಲ್ಲ ಮುಗಿದವು. ಟ್ರಂಪೆಟ್ಟಿನವನ ಕೆನ್ನೆ ಸೋತಿತು. ಮಾಸ್ಟರು ಬೆವರು ಒರೆಸಿಕೊಂಡು ಸುತ್ತ ನೋಡಿದರು.

ಮಾವ ಒಂದು ಹೆಜ್ಜೆ ಮುಂದೆ ಬಂದು ಬಾವಿಯ ರಾಗ ಹಿಡಿದ.

ಡೋಲಿನವನು ತಡಕಾಡಿ ಸೇರಿಕೊಂಡ. ಸಾಲಿಗೊಂದು ಉಸ್ ಸಮೇತ ರಾಗ ಸುತ್ತಿತು, ಮತ್ತೆ ಸುತ್ತಿತು, ಬೆಸುಗೆ ಕಾಣಲಿಲ್ಲ. ಅಷ್ಟರಲ್ಲಿ ಹೂವಿನ ಕಾರಿನ ಬಾಗಿಲು ತೆರೆಯಿತು. ಮದುಮಗ ಇಳಿದ. ಮಾಲೆ ಹಾಕಿಕೊಂಡೇ, ಪಕ್ಕದಲ್ಲಿ ಯಾರೋ ಹಿಡಿದಿದ್ದ ಕೊಡೆ ಕಿತ್ತುಕೊಂಡು, ರಸ್ತೆ ಮಧ್ಯೆ ಕಪ್ಪೆಯಂತೆ ಕುಪ್ಪಳಿಸತೊಡಗಿದ! ಅವನ ಗೆಳೆಯರೆಲ್ಲ ಹಿಂದೆ ಸಾಲಾಗಿ ಕುಪ್ಪಳಿಸಿದರು. ಮೂರನೇ ರೈಲು ಹೋಗಿ ಗೇಟು ತೆಗೆದರೂ ಯಾರಿಗೂ ಹೊರಡುವ ಅವಸರವಿರಲಿಲ್ಲ.

"ಎಂದ ಪಡತ್ತು ಪಾಟ್ಟು ಡಾ ಅದು?" ಯಾವ ಸಿನಿಮಾದ್ದೋ ಅಂತ ಮಾಸ್ಟರು ಆಮೇಲೆ ಕೇಳಿದರು.

"ಸಿನಿಮಾದ್ದಲ್ಲ. ನಮ್ಮನೇದು," ಅಂದ ಮಾವ.

ಮಾಸ್ಟರು ಮೀಸೆ ನೀವಿಕೊಂಡರು. ತೀರ್ಪು ಕನ್ನಡದಲ್ಲಿ ಬಂತು: "ಕ್ಲಾರಿನೆಟ್ ನಿನ್ಹತ್ರಾನೇ ಇರ್ಲಿ. ಹಲ್ಲು ಮಾತ್ರ ಕಟ್ಟಿಸ್ಬೇಡ."

ಅತ್ತೆ ಬಿಡುತ್ತಾಳೆಯೇ, ಕಟ್ಟಿಸಿದಳು. ಬಿಚ್ಚಿ ಹಾಕುವ ಹಲ್ಲು. ಅಂದಿನಿಂದ ಮಾವನ ಕ್ಲಾರಿನೆಟ್ಟು ಶುದ್ಧ. ಉಸ್ ಅನ್ನುವ ಆ ದನಿ ಎಲ್ಲೂ ಉಳಿದಿಲ್ಲವೆಂದೇ ನಾನು ತಿಳಿದಿದ್ದೆ, ಮೊನ್ನೆಯವರೆಗೆ. ನಗಿಸಲೆಂದು ಕದ್ದದ್ದು ನನ್ನ ಬಾಯಲ್ಲಿ ಬಾಡಿಗೆ ಕೊಡದೆ ಇಷ್ಟು ವರ್ಷ ವಾಸವಾಗಿತ್ತು.

"ಅದು ನಮ್ಮ ಮಾವಂದು" ಅಂದೆ ಆಯಮ್ಮನಿಗೆ. ರೈಲು ಬಂತು.

ಊರಿಗಾಮಿನಲ್ಲಿ ಇಳಿದವನು ಸೀದಾ ಲೈನುಮನೆಗೆ ಹೋದೆ. ಮಾವ ಜಗಲಿಯ ಮೇಲೆ ಕೂತಿದ್ದ. ನಾನು ಎದುರಿಗೆ ನಿಂತು ಮಾಡಿದೆ: ಡೂಂ ಡುಡು ಡೂಂ, ಉಸ್. ಈ ಸಲ ಯಾರನ್ನೂ ನಗಿಸಲಿಕ್ಕಲ್ಲ.

ಮಾವ ಪೂರ್ತಿ ಕೇಳಿದ. "ಉಸ್ ವಸಿ ತಡ ಆಯ್ತು ಕಣ್ಲಾ," ಅಂದ. ಹಲ್ಲು ಬಿಚ್ಚಿ ಲೋಟದ ನೀರಿಗೆ ಹಾಕಿ, ಕ್ಲಾರಿನೆಟ್ ತರಲು ಒಳಗೆ ಎದ್ದುಹೋದ.