ಹಲಗೆ ಬರುವವರೆಗೆ

ನಾರಿನ್ ಪಟ್ಟಣದಲ್ಲಿ ತೊಕ್ತೊಸುನ್ ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು. ಮೊಣಕಾಲು ಕೈಕೊಟ್ಟ ಮೇಲೆ ಅವನಿಗೆ ಉಳಿದದ್ದು ಒಂದೇ ಕೆಲಸ. ಪಾಯದ ದಿನ ಕುರಿ ಕೊಯ್ದು ಎಲ್ಲರೂ ಉಂಡ ಮೇಲೆ, ಹಿರಿಯನಾಗಿ ಅಂಗೈಗಳನ್ನೆತ್ತಿ ಬಾತಾ ಎಂಬ ಹಾರೈಕೆ ಹೇಳಿ ಹರಸಬೇಕು. ಅದು ಮುಗಿಯುವವರೆಗೆ ಹಿರಿಯನ ಹೊರತು ಕೂತವರು ಯಾರೂ ಏಳುವಂತಿಲ್ಲ.

ಆ ಏಪ್ರಿಲಿನಲ್ಲಿ ಮೇಸ್ತ್ರಿ ಉಲಾನ್ ಮೂರು ಮಹಡಿಯ ಮನೆಯೊಂದರ ಪಾಯಕ್ಕೆ ಅವನನ್ನು ಕರೆಸಿದ. ಊಟಕ್ಕೆ ಮುಂಚೆ ಮುದುಕ ಗುಂಡಿ ಇಣುಕಿದ. ಎರಡಾಳು ಆಳ, ಹಿಮ ಕರಗಿ ನೆನೆದ ಮಣ್ಣು, ಅಗೆದ ರಾಶಿಯೆಲ್ಲ ಅಂಚಿನ ಮೇಲೆಯೇ. ಗೋಡೆಗೆ ಒಂದು ಹಲಗೆಯ ಆಸರೆಯೂ ಇರಲಿಲ್ಲ. ಅಂಚಿನುದ್ದಕ್ಕೂ ಕೂದಲೆಳೆಯಂಥ ಬಿರುಕು.

ಮೂವತ್ತು ವರ್ಷದ ಹಿಂದೆ ಇಂಥದೇ ಬಿರುಕು ಅವನ ಕಣ್ಣಿಗೆ ಬಿದ್ದಿತ್ತು. ಆಗಲೇ ಹಿರಿಯರ ಕೈ ಮೇಲೆದ್ದಿತ್ತು. ನಡುವೆ ಬಾಯಿ ಹಾಕಲು ನಾಚಿ ಸುಮ್ಮನಿದ್ದ. ತಮ್ಮ ಕೆರಿಂಬೆಕ್ ಮೊದಲು ಇಳಿದ, ಹತ್ತಿ ಬರಲಿಲ್ಲ. ಆ ನಾಚಿಕೆಯನ್ನು ತೊಕ್ತೊಸುನ್ ಇವತ್ತಿಗೂ ಕ್ಷಮಿಸಿಲ್ಲ. ಈಗ ಕಬ್ಬಿಣ ಕಟ್ಟಲು ಮೊದಲು ಇಳಿಯಬೇಕಾದವನು ಕೆರಿಂಬೆಕನ ಮಗ ಅಸಿಲ್ಬೆಕ್.

ಊಟವಾಯಿತು. ಮುದುಕ ಕೈ ಎತ್ತಲಿಲ್ಲ, ಚಹಾ ಕೇಳಿದ. ಇನ್ನೊಂದು ಬಟ್ಟಲು ಕೇಳಿದ. ಗುಂಡಿಗೆ ಹಲಗೆ ಬಿಗಿಯದೆ ಇವನು ಹರಸುವುದಿಲ್ಲವೆಂದು ಉಲಾನನಿಗೆ ಅರ್ಥವಾಯಿತು. ಹಲಗೆಗಳು ಬೇರೆ ಕಟ್ಟಡಕ್ಕೆ ಹೋಗಿವೆ, ತರಲು ಎರಡು ತಾಸು ಬೇಕು, ನಾಲ್ಕಕ್ಕೆ ಕಾಂಕ್ರೀಟ್ ಲಾರಿ ಬರುತ್ತದೆ, ಕುರಿಯ ರಕ್ತ ಬಿದ್ದ ನೆಲದಲ್ಲಿ ಏನಾದೀತು ಎಂದೆಲ್ಲ ವಾದಿಸಿದ.

"ಕುರಿ ರಕ್ತ ಮಣ್ಣು ತಡೆದು ನಿಲ್ಲಿಸಲ್ಲ ಕಣಯ್ಯ."

"ನಿಮ್ಮ ಗಡ್ಡ ನೋಡಿ ಕೂರಿಸಿದ್ದು ತಾತ, ಗುಂಡಿ ಅಳೆಯೋಕಲ್ಲ."

"ಹಂಗಾದ್ರೆ ಗಡ್ಡ ನೋಡ್ತಾ ಕೂತಿರು. ಹಲಗೆ ಬರೋವರ್ಗೂ ನನ್ನ ಕೈ ಮೇಲೇಳಲ್ಲ."

ಕೆಲಸಗಾರರು ಮುಸಿಮುಸಿ ನಕ್ಕರು. ಅಸಿಲ್ಬೆಕ್ ಮಾತ್ರ, ದೊಡ್ಡಪ್ಪ ಮಾನ ಕಳೆಯುತ್ತಿದ್ದಾನೆಂದು ತಲೆ ತಗ್ಗಿಸಿದ. ಆದರೂ ಯಾರೂ ಏಳಲಿಲ್ಲ. ಉಲಾನ್ ಹಲ್ಲು ಕಡಿಯುತ್ತ ಫೋನ್ ಹಚ್ಚಿ, ಹಲಗೆ ಕಳಿಸಲು ಹೇಳಿದ, ಲಾರಿಯನ್ನು ಮರುದಿನಕ್ಕೆ ಮುಂದೂಡಿದ.

ಹಲಗೆ ತಂದವರೇ ಮಣ್ಣಿನ ರಾಶಿಯನ್ನು ದೂರ ಸರಿಸಿ, ಮೇಲಿಂದಲೇ ಹಲಗೆ ಇಳಿಸಿ ಅಡ್ಡಗಂಬ ಬಿಗಿದರು. ಆಮೇಲೆ ತೊಕ್ತೊಸುನ್ ನೋಯುವ ಮೊಣಕಾಲಲ್ಲೇ ಏಣಿ ಇಳಿದು, ಒಂದೊಂದು ಹಲಗೆಯನ್ನೂ ಗುದ್ದಿ ನೋಡಿದ. ಮೇಲೆ ಬಂದು ತನ್ನ ಜಾಗದಲ್ಲಿ ಕೂತು ಅಂಗೈ ಎತ್ತಿದ.

"ಇಳಿದವರೆಲ್ಲ ಹತ್ತಿ ಬರಲಿ," ಎಂದಷ್ಟೇ ಹೇಳಿ, ಬಾತಾ ಮುಗಿಯಿತೆಂದು ಅಂಗೈಗಳಿಂದ ಮುಖ ಸವರಿಕೊಂಡ.

ಐದು ಜನ ಇಳಿದರು. ಮುದುಕ ಮನೆಗೆ ಹೋಗದೆ ಏಣಿಯ ಪಕ್ಕದಲ್ಲೇ ಕೂತ. ಸಂಜೆ ನಾಲ್ವರು ಹತ್ತಿ ಬಂದರೂ ಅವನು ಕದಲಲಿಲ್ಲ. ಕೊನೆಗೆ ಅಸಿಲ್ಬೆಕ್ ಬಂದ. ಮೈಮೇಲಿನ ಮಣ್ಣು ಕೊಡವುತ್ತ, ಮಾಂಸ ಏನಾದರೂ ಉಳಿದಿದೆಯಾ ಎಂದು ಕೇಳಿದ.