ಮಂಕು ಕಾಳಿನ ಪರವಾಗಿ

ಪರದೆಯ ವಿಷಯವನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮನುಕುಲದ ಪೌಷ್ಟಿಕತೆ ಸದ್ಯಕ್ಕೆ ಅದಕ್ಕೇ ಜೋತುಬಿದ್ದಿದೆ. ಬೀಜ ಸಂಶೋಧನಾ ಕೇಂದ್ರದ ಹಿಂಬದಿಯ ಕೋಣೆಗೆ ಪೂರ್ವಕ್ಕೊಂದು ಕಿಟಕಿ, ಕಿಟಕಿಗೊಂದು ಕಪ್ಪು ಪರದೆ. ಪರದೆ ನಾಲ್ಕು ಬೆರಳು ಗಿಡ್ಡ. ಆ ಸಂದಿಯಿಂದ ಏಳೂವರೆಗೆ ಸರಿಯಾಗಿ ಬಿಸಿಲು ನುಗ್ಗಿ ಮೇಜಿನ ಮೇಲೆ ಉದ್ದಕ್ಕೆ ಮಲಗುತ್ತದೆ. ಅದು ಮಲಗಿತೆಂದರೆ ಕೆಲಸ ಕೆಟ್ಟಿತು. ಹೊಸ ಪರದೆಗೆ ಮೂರು ಅರ್ಜಿ ಹೋಗಿವೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂದಿದೆ.

ಹಾಗಾಗಿ ಕಾಳಕ್ಕ ಬೆಳಗಿನ ಐದಕ್ಕೇ ಬರುತ್ತಾರೆ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿದೆ. ಬಾಯಲ್ಲಿ ಉಳಿದಿರುವುದು ಇದೊಂದೇ. ಗಾಜಿನ ಮೇಜಿನ ಕೆಳಗೆ ದೀಪ ಹಾಕುತ್ತಾರೆ, ಮೇಲೆ ಒಂದು ಹಿಡಿ ಮೆಕ್ಕೆಜೋಳ ಹರಡುತ್ತಾರೆ, ಕಡ್ಡಿಯಿಂದ ಕಾಳುಗಳನ್ನು ಅತ್ತಿತ್ತ ತಳ್ಳತೊಡಗುತ್ತಾರೆ. ದಿನಕ್ಕೆ ನಾಲ್ಕು ಸಾವಿರ ಕಾಳು. ಹತ್ತೊಂಬತ್ತು ವರ್ಷ.

ನೋಡುವುದು ಇಷ್ಟೇ: ಬೆಳಕು ಕಾಳಿನೊಳಗೆ ಎಷ್ಟು ದೂರ ಹೋಗುತ್ತದೆ. ಮಾಮೂಲಿ ಮೆಕ್ಕೆಜೋಳ ಗಾಜಿನಂತೆ ಪೂರ್ತಿ ಬೆಳಗುತ್ತದೆ. ಅದನ್ನೇ ನಂಬಿ ಉಂಡರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮಕ್ಕಳ ಬೆಳವಣಿಗೆಗೆ ಬೇಕಾದ ಲೈಸಿನ್, ಟ್ರಿಪ್ಟೊಫಾನ್ ಎಂಬ ಎರಡು ಅಮೈನೊ ಆಮ್ಲಗಳು ಅದರಲ್ಲಿ ಕಡಿಮೆ. ಕಾಳಕ್ಕನ ಗಂಡ ದರ್ಜಿ, ಆದ್ದರಿಂದ ವಿವರಣೆಯೂ ಆ ಕಡೆಯದೇ. “ಬಟ್ಟೆ ರಾಶಿ ಬಿದ್ದಿದೆ, ಗುಂಡಿ ಹತ್ತೇ ಇವೆ ಅಂದ್ರೆ ಎಷ್ಟು ಅಂಗಿ ಆಗುತ್ತೆ? ಎರಡು. ಉಳಿದ ಬಟ್ಟೆ ದಂಡ. ಈ ಎರಡೂ ಗುಂಡಿ ಇದ್ದ ಹಾಗೆ.”

ಗುಂಡಿ ಹೆಚ್ಚಿರುವ ತಳಿಯೊಂದು ಇದೆ. ಆದರೆ ಅದರ ಕಾಳು ಸುಣ್ಣದಂತೆ ಮೆತ್ತಗೆ, ಮಂಕು, ಹುಳುಗಳಿಗೆ ಅಚ್ಚುಮೆಚ್ಚು. ಮೇಲ್ಭಾಗ ಗಾಜಿನಂತೆ ಗಟ್ಟಿಯಾಗಬೇಕು, ಬುಡದಲ್ಲಿ ಮಾತ್ರ ಹಾಲಿನ ಹನಿಯಷ್ಟು ಮಂಕು ಉಳಿಯಬೇಕು. ಕೇಂದ್ರದ ತಳಿ ವಿಜ್ಞಾನಿ ಏಳು ವರ್ಷದಿಂದ ಬೆನ್ನು ಹತ್ತಿರುವುದು ಇಂಥ ಕಾಳಿಗೆ. ಆರಿಸಿಕೊಡುವವರು ಕಾಳಕ್ಕ.

“ಕೇಂದ್ರದಲ್ಲಿ ಇವಳ ಕಣ್ಣು ಅಂದ್ರೆ ಕಣ್ಣು ಅಂತಾರೆ,” ಎನ್ನುತ್ತಾರೆ ಗಂಡ, ಸೂಜಿಗೆ ದಾರ ಪೋಣಿಸುತ್ತ. “ಮನೇಲಿ ಬೇಳೆ ಆರಿಸಿದ ದಿನ ನನ್ನ ಹಲ್ಲಿಗೆ ಕಲ್ಲು ಗ್ಯಾರಂಟಿ.”

“ಬೇಳೆ ಕೆಳಗೆ ದೀಪ ಇಟ್ಟುಕೊಡ್ರಿ, ಆರಿಸ್ತೀನಿ,” ಎನ್ನುತ್ತಾರೆ ಹೆಂಡತಿ.

ಈ ಹಂಗಾಮಿನಲ್ಲಿ ಮೂವತ್ತೊಂದನೇ ಸಾಲಿನ ತೆನೆಗಳು ಮೇಜಿಗೆ ಬಂದಾಗ ಕೋಣೆಯಲ್ಲಿ ಸಡಗರವೇ ಆಯಿತು. ಅರ್ಧಕ್ಕರ್ಧ ಕಾಳು ಫಳಫಳ. ಬುಡದ ಹಾಲಿನ ಹನಿ ಕಾಣದಿದ್ದರೂ, ಏಳು ವರ್ಷದ ಮೇಲೆ ಕಾಳು ಗಟ್ಟಿಯಾಯಿತೆಂದು ವಿಜ್ಞಾನಿ ಹಿಗ್ಗಿದರು. ಹೊಲದಲ್ಲಿ ಉಳಿದದ್ದು ಒಂದೇ ಪಟ್ಟಿ ಜಾಗ. ಹೊಳೆಯುವವನ್ನೇ ಬಿತ್ತಿ, ಮುಂದಿನ ವರ್ಷ ರೈತರಿಗೆ ಕೊಡುವುದೆಂದು ತೀರ್ಮಾನಿಸಿದರು. ಮಂಕು ಕಾಳು ದನದ ಮೇವಿಗೆ.

ಕಾಳಕ್ಕ ಎರಡು ದಿನ ಸುಮ್ಮನಿದ್ದರು. ಅವರು ಸುಮ್ಮನಿರುವುದು ಕೇಂದ್ರದಲ್ಲಿ ಅಪರೂಪ. ಮೂರನೆಯ ದಿನ ವಿಜ್ಞಾನಿಯ ಮೇಜಿನ ಮುಂದೆ ನಿಂತರು.

“ಸರ್, ಹೊಳೆಯೋದು ಬಿತ್ತಬೇಡಿ.”

“ಯಾಕಕ್ಕಾ? ಅಷ್ಟು ಚೆನ್ನಾಗಿವೆಯಲ್ಲ.”

“ಅದಕ್ಕೇ ಹೆದರಿಕೆ. ಹೊಳೆಯೋವೆಲ್ಲ ತೆನೆ ಬುಡದಲ್ಲೇ ಇದ್ವು, ಬಿಡಿಸುವಾಗ ನೋಡಿದೀನಿ. ಬುಡದ ಕೂದಲೇ ಅಲ್ವಾ ಮೊದಲು ಹೊರಗೆ ಬರೋದು? ಚೀಲ ಹಾಕೋದು ಒಂದು ದಿನ ತಡ ಆಗಿದೆ. ಪಕ್ಕದ ಹೊಲದ ಮಾಮೂಲಿ ಮೆಕ್ಕೆಜೋಳದ ಪರಾಗ ಬಂದು ಕೂತಿದೆ.”

ತೆನೆಯ ಕೂದಲು ಇಣುಕುವ ಮೊದಲೇ ಕಾಗದದ ಚೀಲ ತೊಡಿಸಿ, ಆಮೇಲೆ ಅದೇ ಗಿಡದ ಪರಾಗ ಉದುರಿಸುವುದು ಇಲ್ಲಿನ ಕ್ರಮ. ಹೊರಗಿನ ಪರಾಗ ಬಿದ್ದ ಕೂದಲಿನ ಕಾಳು ಹೊಳೆಯುತ್ತದೆ, ಆದರೆ ಮಾಮೂಲಿ ಜೋಳವಾಗಿ.

ವಿಜ್ಞಾನಿಯ ಮುಖ ಗಂಟಿಕ್ಕಿತು. “ಆ ಸಾಲಿಗೆ ಚೀಲ ಹಾಕಿದ್ದು ಯಾರು?”

“ನಾನೇ.”

ಹೂವಿನ ಹೊತ್ತಿನಲ್ಲಿ ದಿನಕ್ಕೆ ನೂರ ಎಂಬತ್ತು ಚೀಲ ಹಾಕುವವರು ಅವರು. ಆ ಒಂದು ದಿನ ಅತ್ತೆಯ ದವಡೆಹಲ್ಲು ಕೀಳಿಸಲು ರಜೆ ಹಾಕಿದ್ದರು. ಮರುದಿನ ಬಂದು ಚೀಲ ತೊಡಿಸುವಾಗ ಮೂವತ್ತೊಂದನೇ ಸಾಲಿನಲ್ಲಿ ಬೆರಳುದ್ದ ಕೂದಲು ಹೊರಗಿತ್ತು. ನೋಡಿದರು. ತೊಡಿಸಿಬಿಟ್ಟರು. ಯಾರಿಗೂ ಹೇಳಲಿಲ್ಲ.

“ಹಲ್ಲು ಅತ್ತೇದು, ನೋವು ನಂದು,” ಎಂದು ಈಗ ನಗುತ್ತಾರೆ. ಆಗ ನಗು ಬಂದಿರಲಿಲ್ಲ. “ಹೇಳಿದ್ರೆ ಹತ್ತೊಂಬತ್ತು ವರ್ಷದ ಹೆಸರು ಹೋಗುತ್ತೆ. ಹೇಳದಿದ್ರೆ ಎಲ್ಲೋ ಒಂದು ಮಗು, ಒಳ್ಳೇ ಜೋಳ ಅಂತ ನಂಬಿ, ಬರೀ ಜೋಳ ತಿನ್ನುತ್ತೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಅತ್ತೆ ಮಾತ್ರ ಗೊರಕೆ.”

ವಿಜ್ಞಾನಿ ಬೈಯಲಿಲ್ಲ. ನಂಬಲೂ ಇಲ್ಲ. ಹೊಳೆಯುವವು, ಮಂಕು ಎಂದು ಬೇರೆ ಮಾಡಿಟ್ಟ ಎರಡು ತಟ್ಟೆಗಳಿಂದಲೂ ಹಿಡಿ ಹಿಡಿ ಕಾಳು ಪ್ರಯೋಗಾಲಯಕ್ಕೆ ಹೋಯಿತು. ಬಿತ್ತನೆ ಹನ್ನೆರಡು ದಿನ ನಿಂತಿತು. ಆ ಹನ್ನೆರಡೂ ದಿನ ಕಾಳಕ್ಕ ಐದಕ್ಕೆ ಬಂದರು, ಬೇರೆ ಸಾಲುಗಳ ಕಾಳು ಆರಿಸಿದರು. ಯಾರೂ ಅವರಿಗೆ ಚಹಾ ಬೇಕೇ ಎಂದು ಕೇಳಲಿಲ್ಲ.

ಹದಿಮೂರನೆಯ ದಿನ ಚೀಟಿ ಬಂತು. ನೂರು ಗ್ರಾಂ ಪ್ರೋಟೀನಿಗೆ ಲೈಸಿನ್: ಹೊಳೆಯುವ ತಟ್ಟೆಯಲ್ಲಿ ಎರಡು ಗ್ರಾಂ ಚಿಲ್ಲರೆ, ಮಂಕು ತಟ್ಟೆಯಲ್ಲಿ ನಾಲ್ಕಕ್ಕೆ ಕೂದಲೆಳೆ ಕಡಿಮೆ. ವಿಜ್ಞಾನಿ ಚೀಟಿ ಹಿಡಿದು ತಾವೇ ಕೋಣೆಗೆ ಬಂದು, “ಅಕ್ಕಾ, ಏನಾದರೂ ಬೇಕಾ?” ಎಂದರು.

“ಇನ್ಮೇಲೆ ನಾನು ರಜೆ ಹಾಕಿದ ದಿನ ಚೀಲ ಯಾರು ಹಾಕ್ತಾರೆ ಅಂತ ಗೋಡೆ ಮೇಲೆ ಬರೆಸಿ ಸರ್. ಆಮೇಲೆ ಆ ಪರದೆ.”

ಮೂವತ್ತೊಂದನೇ ಸಾಲಿನ ಮಂಕು ಕಾಳು ಮುನ್ನೂರ ನಲವತ್ತು, ಕಳೆದ ವಾರ ಹೊಲದಲ್ಲಿ ಬಿತ್ತನೆಯಾದವು. ರಜೆ ದಿನದ ಪಟ್ಟಿ ಗೋಡೆಯ ಮೇಲಿದೆ. ಹೊಸ ಪರದೆಯೂ ಬಂದಿದೆ. ಎರಡು ಬೆರಳು ಗಿಡ್ಡ.