ನನ್ನನ್ನು ಉಲ್ಲೇಖಿಸಿದವರು

ಕ್ಲಿನಿಕಲ್ ಸೈಕಾಲಜಿಯಲ್ಲಿ ನನ್ನ ಹೆಸರಿನ ಲೇಖನಗಳು ಹನ್ನೊಂದು. ಅವುಗಳಲ್ಲಿ ಹತ್ತನ್ನು ನಾನು ಓದಿದ್ದೇನೆ, ನನ್ನ ಹೆಂಡತಿ ಶೀರ್ಷಿಕೆಗಳ ಮಟ್ಟಿಗೆ ಓದಿದ್ದಾಳೆ. ಹನ್ನೊಂದನೆಯದನ್ನು ಮಾತ್ರ ಲೋಕವೇ ಓದಿತು. ಯಾದಗಿರಿಯ ಕಾಲೇಜೊಂದರ ಮೂಲೆಯ ಕೋಣೆಯಲ್ಲಿ ಕೂತವನನ್ನು ದೂರದೇಶದ ವಿದ್ವಾಂಸರು ಉಲ್ಲೇಖಿಸುವುದೆಂದರೆ ಸಣ್ಣ ಮಾತಲ್ಲ. ಯಾಕೆ ಉಲ್ಲೇಖಿಸಿದರು ಎಂಬುದಕ್ಕೆ ನಮ್ಮ ಬಡ್ತಿಯ ಅರ್ಜಿಯಲ್ಲಿ ಕಾಲಂ ಇಲ್ಲ.

ಆ ಲೇಖನಕ್ಕೆ ಮಾಹಿತಿ ಕೂಡಿಸಿದವಳು ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಸಗರದವಳು. ಕುರಿ ಸಾಕುವ ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು. ಖಿನ್ನತೆ ಅಳೆಯುವ ಪ್ರಶ್ನಾವಳಿ ಕೊಟ್ಟು ಅವಳನ್ನು ಕೆಂಭಾವಿಗೆ ಕಳಿಸಿದೆ. ಸಂತೆಯ ದಿನವೇ ಕೂರಬೇಕೆಂದು ಹೇಳಿದವನೂ ನಾನೇ. ಸುತ್ತಲ ಹಳ್ಳಿಗಳ ಜನ ಒಂದೇ ಕಡೆ ಸಿಗುತ್ತಾರೆ, ಊರೂರು ಅಲೆಯುವುದು ತಪ್ಪುತ್ತದೆ ಎಂಬುದು ನನ್ನ ವೈಜ್ಞಾನಿಕ ವಿಧಾನ.

ಮರುದಿನ ಅವಳು ಹಾಳೆಗಳ ಕಟ್ಟು ತಂದು ಮೇಜಿನ ಮೇಲಿಟ್ಟಳು.

“ಸರ, ಇದು ಕೆಟ್ಟದರಿ.”

“ಏನು ಕೆಟ್ಟದವಾ? ಎಲ್ಲಾ ಹಾಳಿ ತುಂಬ್ಯಾವಲ್ಲ.”

“ಅದಕ್ಕ ಕೆಟ್ಟದರಿ. ಊರು, ವಯಸ್ಸು ಕೇಳಿ ಸಹಿ ಮಾಡಿಸ್ಕೊಂಡೆ ನೋಡ್ರಿ, ಮಂದಿ ಪಿಂಚಣಿ ಸರ್ವೆ ಅಂತ ತಿಳದಾರ. ಒಬ್ಬಾಕಿ ಮುದುಕಿ ನಕ್ಕೋತ ಬಂದು ಕುಂತು, ‘ನಿದ್ದಿ ಇಲ್ಲ, ಊಟ ಸೇರಲ್ಲ, ಸಾಯಬೇಕಂತ ಅನಸ್ತದ, ಎಲ್ಲಾ ಬರಕೋ ಯವ್ವಾ’ ಅಂದ್ಳು. ಎದ್ದು ಹೋಗಿ ಮಿರ್ಚಿ ತಿನ್ಕೋತ, ಹ್ಯಾಂಗ ಹೇಳಬೇಕಂತ ಹಿಂದಿನವರಿಗಿ ಕಲಸಾಕತ್ತಿದ್ಳು.”

“ನೀ ತಿಳಿಸಿ ಹೇಳಬೇಕಿತ್ತು.”

“ಹೇಳಿದೆನ್ರಿ. ಹೇಳಿದಷ್ಟೂ ಸಾಲು ಉದ್ದ ಆತು. ಇದನ್ನ ಬಿಟ್ಟುಬಿಡೂನ್ರಿ ಸರ. ಮನಿ ಮನಿಗಿ ಹೋಗಿ ಮತ್ತ ಕೇಳ್ತೀನಿ.”

ಮತ್ತೆ ಕೇಳುವುದೆಂದರೆ ಇನ್ನೊಂದು ವರ್ಷ. ನನ್ನ ಬಡ್ತಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮನುಷ್ಯನ ದುಃಖವನ್ನು ನಾವು ಅಳೆಯಬೇಕೇ ಹೊರತು ಶಂಕಿಸಬಾರದು ಎಂದು ಗಂಭೀರವಾಗಿ ಉಪದೇಶಿಸಿದೆ. ಅವಳು ತಲೆಯಾಡಿಸಲಿಲ್ಲ. ಲೇಖನ ಅಚ್ಚಾಯಿತು, ನನ್ನ ಹೆಸರು ಮೊದಲು, ಅವಳದು ಎರಡನೆಯದು. ಕೆಂಭಾವಿಯಷ್ಟು ದುಃಖಿತವಾದ ಸಂತೆ ಭೂಮಿಯ ಮೇಲೆ ಮತ್ತೊಂದಿಲ್ಲವೆಂದು ಅದರಿಂದ ಸಿದ್ಧವಾಯಿತು.

ಮೊದಮೊದಲು ನಂಬಿ ಉಲ್ಲೇಖಿಸಿದರು. ಆಮೇಲೆ ಬೇರೊಂದು ತಂಡ ಅದೇ ಊರಿಗೆ ಬಂದು, ಮನೆಮನೆಗೆ ಹೋಗಿ, ನಿಧಾನವಾಗಿ ಕೇಳಿ, ನಮ್ಮ ಅಂಕಿಗಳು ಸುಳ್ಳೆಂದು ಬರೆಯಿತು. ಅಲ್ಲಿಂದ ಉಲ್ಲೇಖಗಳ ಸುಗ್ಗಿ. ಸಮೀಕ್ಷೆ ಹೇಗೆ ಮಾಡಬಾರದೆಂದು ಪಾಠ ಹೇಳುವವರೆಲ್ಲ ನನ್ನನ್ನು ನೆನೆಯತೊಡಗಿದರು. ಲೇಖನ ಅಚ್ಚಾದ ಪತ್ರಿಕೆಯ ಸಂಪಾದಕರು ವಿವರಣೆ ಕೇಳಿದರು. ಒಂದೇ ಪುಟದ ಉತ್ತರ ಬರೆದೆ: ಕ್ಷೇತ್ರಕಾರ್ಯದಲ್ಲಿ ವಿದ್ಯಾರ್ಥಿನಿಯಿಂದ ಲೋಪವಾಗಿದೆ, ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ನಾನು ಬರೆದುದರಲ್ಲೆಲ್ಲ ಅತ್ಯಂತ ಸ್ಪಷ್ಟವಾದ ಗದ್ಯ ಅದೇ.

ಪತ್ರದ ಪ್ರತಿ ಅವಳ ಪಿಎಚ್.ಡಿ. ಸಮಿತಿಗೂ ಹೋಯಿತು. ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಅವಳನ್ನು ಕೇಳಿದರು:

“ಹಿಂಗ ಆಗ್ಯಾದ ಅಂತ ನಿಮ್ಮ ಗೈಡಿಗೆ ಹೇಳಿದ್ರೇನವಾ?”

ಅವಳು ನನ್ನ ಕಡೆ ನೋಡಿದಳು. ನಾನು ಕನ್ನಡಕ ಒರೆಸುತ್ತಿದ್ದೆ.

“ಹೇಳಿದ್ದೆನ್ರಿ. ಮರುದಿನಾನೇ ಹೇಳಿದ್ದೆ.”

ಹಿರಿಯರು ನನ್ನತ್ತ ತಿರುಗಿದರು. “ನೆನಪಿಲ್ಲ” ಎಂದೆ. ನೆನಪಿನ ಶಕ್ತಿಯ ಬಗ್ಗೆ ಎರಡು ಲೇಖನ ಬರೆದವನ ಮಾತಾದ್ದರಿಂದ ಯಾರೂ ಪ್ರಶ್ನಿಸಲಿಲ್ಲ. ಅವಳು ಎಲ್ಲವನ್ನೂ ಮೊದಲಿನಿಂದ, ಬೇರೆ ಮಾರ್ಗದರ್ಶಕರನ್ನು ಹುಡುಕಿಕೊಂಡು ಮಾಡಬೇಕೆಂದು ತೀರ್ಮಾನವಾಯಿತು. ನನ್ನ ಪತ್ರ ಓದಿದ ಮೇಲೆ ಒಬ್ಬರೂ ಅವಳನ್ನು ತೆಗೆದುಕೊಳ್ಳಲಿಲ್ಲ.

ಬಡ್ತಿಯ ಸಂದರ್ಶನದಲ್ಲಿ ನನ್ನ ಉಲ್ಲೇಖಗಳನ್ನು ಕೂಡಿಸಿದರು. ಬೈದವರನ್ನು ಕಳೆಯುವ ಪದ್ಧತಿ ಇಲ್ಲ. ಪ್ರೊಫೆಸರನಾದೆ. ಸುರಪುರದಲ್ಲಿ ಶಾಲು ಹೊದಿಸಿ, ಜಿಲ್ಲೆಯ ಕೀರ್ತಿಯನ್ನು ಕಡಲಾಚೆಗೆ ಒಯ್ದವನೆಂದು ಹೊಗಳಿದರು. ಸುಳ್ಳೇನೂ ಅಲ್ಲ.

ಆ ವಾರವೇ ಅವಳು ಕಾಲೇಜಿಗೆ ಬಂದಳು. ಸಂಶೋಧನೆ ಬಿಟ್ಟು ಮೂಲ ಪ್ರಮಾಣಪತ್ರಗಳನ್ನು ವಾಪಸು ಪಡೆಯುವ ಅರ್ಜಿಗೆ ನನ್ನ ಸಹಿ ಬೇಕಾಗಿತ್ತು.

“ಕುಂದ್ರವಾ. ಚಹಾ ತರಸ್ಲಿ?”

“ಬ್ಯಾಡ್ರಿ ಸರ. ಪ್ರೊಫೆಸರ್ ಆದ್ರಂತಲ್ರಿ. ಚಲೋ ಆತ್ರಿ.”

“ಈಗೇನು ಮಾಡಾಕತ್ತಿ?”

“ಶಹಾಪುರದಾಗ ಒಂದು ಶಾಲಿಗಿ ಕಲಸಾಕ ಹೋಗಾಕತ್ತೀನ್ರಿ. ಅವ್ವಗ ಇನ್ನಾ ಹೇಳಿಲ್ಲ. ಆಕಿ ನನ್ನ ಮಗಳು ಡಾಕ್ಟರ್ ಆಗ್ತಾಳ ಅಂತ ಊರ ತುಂಬ ಹೇಳ್ಕೋತ ಅಡ್ಡಾಡಾಕತ್ತಾಳ.”

ನಾನು ಅರ್ಜಿ ನೋಡಿದೆ. ಸಂಶೋಧನೆ ನಿಲ್ಲಿಸಲು ಕಾರಣವೇನೆಂಬ ಸಾಲನ್ನು ಖಾಲಿ ಬಿಟ್ಟಿದ್ದಳು.

“ಇದೊಂದು ಬಿಟ್ಟೀಯಲ್ಲ.”

“ನೀವೇ ಬರೀರಿ ಸರ. ನಿಮಗ ಗೊತ್ತದಲ್ರಿ.”

ಪೆನ್ನು ತೆಗೆದು ‘ವೈಯಕ್ತಿಕ’ ಎಂದು ಬರೆದು ಸಹಿ ಹಾಕಿದೆ. ಅವಳು ಹಾಳೆ ಎತ್ತಿಕೊಂಡು ಆ ಒಂದು ಪದವನ್ನು ಓದಿದಳು. ಹಾಳೆಯನ್ನು ಮತ್ತೆ ನನ್ನ ಮುಂದೆ ಇಟ್ಟಳು.

“ತಾರೀಖು ಹಾಕಿಲ್ರಿ ಸರ.”

ಹಾಕಿಕೊಟ್ಟೆ.